ಮದುವೆ ಡಿವಿಡಿ, ಹಳೆಯ ವಿಸಿಡಿ: ಯಾವ ರೂಪದಲ್ಲಿ ಉಳಿಸಿಕೊಳ್ಳಬೇಕು?

ಪ್ರಶ್ನೆ: ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಮನೆಯಲ್ಲಿ ಸುಮಾರು ನೂರೈವತ್ತು ಡಿಸ್ಕ್‌ಗಳಿವೆ. 1990ರ ದಶಕದ ಕೊನೆಯಿಂದ ಮಾಡಿಸಿದ ಮದುವೆ ವಿಸಿಡಿಗಳು, ಅನಂತರದ ಡಿವಿಡಿಗಳು, ತಮ್ಮನ ಕ್ಯಾಮ್‌ಕಾರ್ಡರ್‌ನ ಸಣ್ಣ ಡಿಸ್ಕ್‌ಗಳು, ಪುತ್ತರಿ ಮತ್ತು ಕೌಟುಂಬಿಕ ಹಾಕಿಯ ಚಿತ್ರೀಕರಣ, ಜೊತೆಗೆ ಅಂಗಡಿಯಲ್ಲಿ ಕೊಂಡ ಕೆಲವು ಸಿನಿಮಾಗಳು. ಮಳೆಗಾಲದಲ್ಲಿ ಕೆಲವಕ್ಕೆ ಬೂಷ್ಟು ಹಿಡಿದಿದೆ. ಸ್ಟುಡಿಯೊದವರು ಎಲ್ಲವನ್ನೂ ಎಂಪಿ4 ಮಾಡಿ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಡುವುದಾಗಿ ಹೇಳುತ್ತಾರೆ. ಬೆಂಗಳೂರಿನಲ್ಲಿರುವ ಮಗ ಎಂಕೆವಿ ಮಾಡಿಸಿ ಎನ್ನುತ್ತಾನೆ. ಅವನ ಸ್ನೇಹಿತ ಐಎಸ್‌ಒ ಬಿಟ್ಟು ಬೇರೇನೂ ಬೇಡ ಎನ್ನುತ್ತಾನೆ. ಯಾವುದನ್ನು ಆರಿಸಬೇಕು? ಜಾಗ ಉಳಿಸಲು ಎಚ್.265 (ವಿಡಿಯೊವನ್ನು ಹೆಚ್ಚು ಕುಗ್ಗಿಸುವ ವಿಧಾನ) ಒಳ್ಳೆಯದೇ?

ಉತ್ತರ: ಮೂವರ ಮಾತಿನಲ್ಲೂ ಹುರುಳಿದೆ, ಆದರೆ ಮೂವರೂ ಒಂದೇ ಕೆಲಸದ ಬಗ್ಗೆ ಮಾತನಾಡುತ್ತಿಲ್ಲ. ಸ್ಟುಡಿಯೊದವರು ಹೇಳುವುದು ಮೊಬೈಲಿನಲ್ಲೂ ಟಿವಿಯಲ್ಲೂ ಸುಲಭವಾಗಿ ನೋಡುವುದರ ಬಗ್ಗೆ. ನೀವು ಕೇಳುತ್ತಿರುವುದು ಉಳಿಸಿಕೊಳ್ಳುವುದರ ಬಗ್ಗೆ. ಈ ಎರಡಕ್ಕೂ ಒಂದೇ ಕಡತ ಸಾಕೆಂದು ಹೊರಟಾಗಲೇ ತೊಂದರೆ ಶುರುವಾಗುತ್ತದೆ. ಆದ್ದರಿಂದ ನನ್ನ ಉತ್ತರ ಇಷ್ಟು: ಡಿವಿಡಿಗಳನ್ನು ಐಎಸ್‌ಒ (ಇಡೀ ಡಿಸ್ಕಿನ ಪಡಿಯಚ್ಚಾದ ಒಂದೇ ಕಡತ) ಆಗಿ, ವಿಸಿಡಿಗಳನ್ನು ಬಿನ್ ಮತ್ತು ಕ್ಯೂ ಕಡತಗಳ ಜೋಡಿಯಾಗಿ, ಬಿಡಿ ಕಡತಗಳಿರುವ ಡಿಸ್ಕ್‌ಗಳನ್ನು ಅವುಗಳ ಫೋಲ್ಡರ್‌ಗಳ ಸಮೇತ, ಏನೊಂದೂ ಬದಲಾಗದಂತೆ ಇಟ್ಟುಕೊಳ್ಳಿ. ಎಂಪಿ4 ಪ್ರತಿಯನ್ನು ಅವುಗಳಿಂದ ಬೇಕಾದಾಗ, ನೋಡುವುದಕ್ಕೆಂದಷ್ಟೇ ಮಾಡಿಕೊಳ್ಳಿ. ಸಂಗ್ರಹದ ಪ್ರತಿಗೆ ಎಚ್.265 ಬೇಡ.

ವಿಎಚ್‌ಎಸ್ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ತರುವುದಕ್ಕೂ ಡಿಸ್ಕನ್ನು ತರುವುದಕ್ಕೂ ಮೂಲದಲ್ಲೇ ವ್ಯತ್ಯಾಸವಿದೆ. ಕ್ಯಾಸೆಟ್ಟಿನಲ್ಲಿರುವುದು ಅನಲಾಗ್ ಸಂಕೇತವಾದ್ದರಿಂದ ಅದನ್ನು ಡಿಜಿಟಲ್ ಮಾಡುವಾಗ ಯಾವುದಾದರೊಂದು ರೂಪವನ್ನು ಆರಿಸಲೇಬೇಕಾಗುತ್ತದೆ. ಡಿಸ್ಕಿನಲ್ಲಿರುವುದಾದರೋ ಈಗಾಗಲೇ ಡಿಜಿಟಲ್ ಆಗಿರುವ, ಅದೂ ಒಮ್ಮೆ ಕುಗ್ಗಿಸಿ ಬರೆದಿರುವ ದತ್ತಾಂಶ. ಡಿವಿಡಿಯ ಚಿತ್ರ ಎಂಪೆಗ್-2 ವಿಧಾನದಲ್ಲಿ, ನಮ್ಮ ದೇಶದ ಪಾಲ್ ಪದ್ಧತಿಯಂತೆ 720×576 ಬಿಂದುಗಳ ಅಳತೆಯಲ್ಲಿರುತ್ತದೆ. ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್‌ವರೆಗೆ ಕೊಡಲು ಡಿವಿಡಿಯ ನಿಯಮದಲ್ಲಿ ಅವಕಾಶವಿದ್ದರೂ, 4.7 ಜಿಬಿ ಡಿಸ್ಕಿಗೆ ಮೂರು ಗಂಟೆಯ ಮದುವೆಯನ್ನು ತುಂಬಿಸಿದರೆ ಧ್ವನಿಯೂ ಸೇರಿ ಸಿಗುವುದು ಮೂರೂವರೆ ಮೆಗಾಬಿಟ್ಟಿನಷ್ಟು ಮಾತ್ರ. ವಾಲಗಕ್ಕೆ ಕುಣಿಯುವವರ ಕಾಲುಗಳ ಸುತ್ತ ಚಿತ್ರ ಚೌಕಚೌಕವಾಗಿ ಒಡೆಯುವುದು, ಮದುಮಗನ ಪಕ್ಕ ನಿಂತವರ ಕಪ್ಪು ಕುಪ್ಯಚೇಲೆ ಉಡುಪಿನಲ್ಲಿ ನೆರಿಗೆಯೇ ಕಾಣದೆ ಒಂದೇ ಮುದ್ದೆಯಾಗುವುದು, ಇವೆಲ್ಲ ಅಂದು ಹಾಗೆ ಕುಗ್ಗಿಸಿದಾಗ ಆದ ನಷ್ಟಗಳು. ಇದನ್ನೇ ಮತ್ತೊಮ್ಮೆ ಕನ್ವರ್ಟ್ ಮಾಡಿದರೆ ಹೊಸ ಎನ್‌ಕೋಡರ್ (ಕುಗ್ಗಿಸುವ ತಂತ್ರಾಂಶ) ಆ ಚೌಕಗಳನ್ನೂ ಚಿತ್ರದ ಭಾಗವೆಂದೇ ಎಣಿಸಿ, ಅವುಗಳನ್ನು ಉಳಿಸಲು ಬಿಟ್‌ಗಳನ್ನು ಖರ್ಚು ಮಾಡಿ, ಅಳಿದುಳಿದ ನಿಜವಾದ ವಿವರಗಳಲ್ಲಿ ಇನ್ನಷ್ಟನ್ನು ಕೈಬಿಡುತ್ತದೆ. ಎಚ್.264 ಆಗಲಿ, ಎಚ್.265 ಆಗಲಿ, ಎವಿ1 ಆಗಲಿ, ಈ ಮಾತಿನಲ್ಲಿ ಭೇದವಿಲ್ಲ.

ಹಾಗೆ ಕಳೆದುಕೊಂಡು ಉಳಿಸುವ ಜಾಗವಾದರೂ ಎಷ್ಟು? ನಿಮ್ಮ ನೂರೈವತ್ತು ಡಿಸ್ಕ್‌ಗಳೂ ತುಂಬಿದ ಡಿವಿಡಿಗಳೇ ಎಂದುಕೊಂಡರೂ ಒಟ್ಟು 705 ಜಿಬಿ ಆಗುತ್ತದೆ. ಅವುಗಳಲ್ಲಿ ವಿಸಿಡಿ ಮತ್ತು ಸಣ್ಣ ಡಿಸ್ಕ್‌ಗಳೂ ಇರುವುದರಿಂದ ನಿಜವಾದ ಮೊತ್ತ 400 ಜಿಬಿಯ ಆಸುಪಾಸಿನಲ್ಲಿರಬಹುದು. ಒಂದು ಟೆರಾಬೈಟ್‌ನ ಹಾರ್ಡ್ ಡಿಸ್ಕಿನಲ್ಲಿ ಇದೆಲ್ಲ ಹಿಡಿಸಿ, ಇನ್ನೂ ಜಾಗ ಮಿಗುತ್ತದೆ. ಜಾಗದ ಚಿಂತೆ 2005ರಲ್ಲಿ ಸಕಾರಣವಾಗಿತ್ತು. ಈಗ ಅದಕ್ಕಾಗಿ ಚಿತ್ರದ ಗುಣಮಟ್ಟವನ್ನು ಬಲಿಕೊಡಬೇಕಾಗಿಲ್ಲ.

ಇನ್ನು ಐಎಸ್‌ಒ ಮತ್ತು ಎಂಕೆವಿಯ ವಿಚಾರ. ಐಎಸ್‌ಒ ಎಂದರೆ ಡಿಸ್ಕಿನ ದತ್ತಾಂಶವನ್ನು ಮೊದಲ ಸೆಕ್ಟರಿನಿಂದ (ಸೆಕ್ಟರ್ ಎಂದರೆ ಡಿಸ್ಕಿನ ಮಾಹಿತಿಯ ಒಂದು ಪುಟ್ಟ ತುಣುಕು) ಕೊನೆಯದರವರೆಗೆ ಸಾಲಾಗಿ ಒಂದೇ ಕಡತಕ್ಕೆ ಇಳಿಸಿದ ಪ್ರತಿ. ಅದರಲ್ಲಿ ವಿಡಿಯೊ_ಟಿಎಸ್ ಫೋಲ್ಡರ್, ಚಿತ್ರವಿರುವ ವಿಒಬಿ ಕಡತಗಳು, ಅವುಗಳ ಕ್ರಮವನ್ನು ಹೇಳುವ ಐಎಫ್‌ಒ ಕಡತಗಳು, ಮೆನು, ಅಧ್ಯಾಯಗಳು ಎಲ್ಲವೂ ಇದ್ದಂತೆಯೇ ಬರುತ್ತವೆ. ವಿಎಲ್‌ಸಿ ಪ್ಲೇಯರ್ ಇದನ್ನು ನೇರವಾಗಿ ತೆರೆಯುತ್ತದೆ. ಎಂಕೆವಿ ಎಂಬುದು ಚಿತ್ರ, ಧ್ವನಿಗಳನ್ನು ಒಂದೇ ಕಡತದಲ್ಲಿ ಹಿಡಿದಿಡುವ ಬೇರೆ ಬಗೆಯ ಹೊದಿಕೆ. ಮೇಕ್‌ಎಂಕೆವಿಯಂತಹ ತಂತ್ರಾಂಶ ಡಿವಿಡಿಯ ಎಂಪೆಗ್-2 ಚಿತ್ರವನ್ನೂ ಧ್ವನಿಯನ್ನೂ ಮುಟ್ಟದೆ ಈ ಹೊದಿಕೆಗೆ ವರ್ಗಾಯಿಸುವುದರಿಂದ ಗುಣಮಟ್ಟ ಕಿಂಚಿತ್ತೂ ಇಳಿಯುವುದಿಲ್ಲ. ಇದರ ವಿವರಣೆ 2024ರಲ್ಲಿ, ಅಂತರ್ಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್‌ನ ಮಾನಕವಾಗಿ ಪ್ರಕಟವಾಗಿದ್ದು, ಯಾರು ಬೇಕಾದರೂ ಓದಿ ಪ್ಲೇಯರ್ ಬರೆಯಬಹುದಾದಷ್ಟು ಮುಕ್ತವಾಗಿದೆ. ಹಾಗಾಗಿ ನಿಮ್ಮ ಮಗ ಹೇಳುವುದು ತಪ್ಪಲ್ಲ. ಆದರೂ ನಾನು ಐಎಸ್‌ಒ ಪರ ನಿಲ್ಲುವುದಕ್ಕೆ ಒಂದೇ ಕಾರಣ: ಐಎಸ್‌ಒದಿಂದ ಎಂಕೆವಿಯನ್ನು ಯಾವತ್ತು ಬೇಕಾದರೂ ತೆಗೆಯಬಹುದು, ಎಂಕೆವಿಯಿಂದ ಮೂಲ ಡಿಸ್ಕನ್ನು ಮತ್ತೆ ಕಟ್ಟಲಾಗುವುದಿಲ್ಲ. ಮದುವೆ ಡಿವಿಡಿಯ ಮೆನುವಿನಲ್ಲಿ ಹೂವಿನ ಚೌಕಟ್ಟಿನೊಳಗೆ ವಧೂವರರ ಚಿತ್ರ ತಿರುಗುತ್ತಾ ಹಿಂದೆ ಸಿನಿಮಾ ಹಾಡು ಬರುತ್ತದಲ್ಲ, ಇಂದು ಅದನ್ನು ಕಂಡು ಮಕ್ಕಳು ನಗಬಹುದು. ಆ ಕಾಲದ ಸ್ಟುಡಿಯೊಗಳು ಹೇಗೆ ಕೆಲಸ ಮಾಡುತ್ತಿದ್ದವು ಎಂಬುದಕ್ಕೆ ಅದೇ ಸಾಕ್ಷಿ ಕೂಡ.

ಒಂದು ಎಚ್ಚರಿಕೆ. ವಿಒಬಿ ಕಡತಗಳನ್ನಷ್ಟೇ ಎಳೆದುಹಾಕಿ, ಹೆಸರಿನ ಕೊನೆಯನ್ನು ಎಂಪಿಜಿ ಎಂದು ಬದಲಿಸಿ ಕೊಡುವ ರೂಢಿ ಕೆಲವು ಕಡೆ ಇದೆ. ವಿಒಬಿ ಕಡತ ತಲಾ 1 ಜಿಬಿಗೆ ಮೀರುವಂತಿಲ್ಲವಾದ್ದರಿಂದ ಮುಹೂರ್ತದ ನಡುವೆಯೇ ಒಂದು ಕಡತ ಮುಗಿದು ಇನ್ನೊಂದು ಶುರುವಾಗುತ್ತದೆ. ಕ್ರಮವನ್ನೂ ಅಧ್ಯಾಯಗಳನ್ನೂ ಹೇಳುವ ಐಎಫ್‌ಒ ಇಲ್ಲದೆ ಅವು ಬಿಡಿ ತುಂಡುಗಳಾಗಿ ಉಳಿಯುತ್ತವೆ. ಸ್ಟುಡಿಯೊಗೆ ಕೊಡುವುದೇ ಆದರೆ, ‘ಕನ್ವರ್ಟ್ ಮಾಡಬೇಡಿ, ಪ್ರತಿ ಡಿಸ್ಕಿಗೂ ಒಂದೊಂದು ಐಎಸ್‌ಒ ಮಾಡಿಕೊಡಿ’ ಎಂದು ಬರೆದುಕೊಟ್ಟೇ ಹೇಳಿ. ಅವರಿಗೂ ಅದು ಸುಲಭದ ಕೆಲಸ.

ವಿಸಿಡಿಯ ವಿಷಯದಲ್ಲಿ ಮಗನ ಸ್ನೇಹಿತರ ಸಲಹೆ ನಡೆಯುವುದಿಲ್ಲ. ಸಾಮಾನ್ಯ ದತ್ತಾಂಶದ ಸಿಡಿಯಲ್ಲಿ ಪ್ರತಿ ಸೆಕ್ಟರಿನಲ್ಲಿ 2048 ಬೈಟ್ ಮಾಹಿತಿ ಇದ್ದು, ಉಳಿದ ಜಾಗದ ಬಹುಭಾಗ ತಪ್ಪು ತಿದ್ದುವ ಸಂಕೇತಗಳಿಗೆ ಮೀಸಲಾಗಿರುತ್ತದೆ. ವಿಸಿಡಿಯ ಚಿತ್ರಭಾಗದಲ್ಲಿ ಆ ತಿದ್ದುವ ಸಂಕೇತಗಳನ್ನು ಬಿಟ್ಟು, ಪ್ರತಿ ಸೆಕ್ಟರಿಗೆ 2324 ಬೈಟ್ ಮಾಹಿತಿ ತುಂಬಿರುತ್ತಾರೆ. 650 ಎಂಬಿ ಎನ್ನುವ ಸಿಡಿಯಲ್ಲಿ 74 ನಿಮಿಷದ ಚಿತ್ರ ಹಿಡಿಸುವುದು ಹೀಗೆ. 2048ರ ಲೆಕ್ಕದಲ್ಲಿ ಓದುವ ಐಎಸ್‌ಒ ಪ್ರತಿಗೆ ಈ ಸೆಕ್ಟರುಗಳು ಸರಿಯಾಗಿ ಸಿಗುವುದಿಲ್ಲ. ಆದ್ದರಿಂದ ಸೆಕ್ಟರನ್ನು ಇಡಿಯಾಗಿ ಎತ್ತುವ ಬಿನ್ ಕಡತವೂ ಅದರ ನಕ್ಷೆಯಾದ ಕ್ಯೂ ಕಡತವೂ ಬೇಕು. ಇಮ್ಜ್‌ಬರ್ನ್ ಎಂಬ ಉಚಿತ ತಂತ್ರಾಂಶ ವಿಸಿಡಿಯನ್ನು ಗುರುತಿಸಿ ತಾನಾಗಿಯೇ ಈ ಜೋಡಿಯನ್ನು ಮಾಡುತ್ತದೆ. ಎಂಪೆಗ್‌ಎವಿ ಫೋಲ್ಡರಿನಲ್ಲಿ ಕಾಣುವ ಡ್ಯಾಟ್ ಕಡತವನ್ನೂ ಪಕ್ಕದಲ್ಲಿ ಕಾಪಿ ಮಾಡಿಟ್ಟರೆ ನೋಡಲು ಅನುಕೂಲ, ಏಕೆಂದರೆ ವಿಎಲ್‌ಸಿ ಅದನ್ನೂ ಆಡಿಸುತ್ತದೆ. ಇಲ್ಲಿ ಇನ್ನೊಂದು ಪರಿಣಾಮವೂ ಇದೆ. ತಿದ್ದುವ ಸಂಕೇತಗಳ ಒಂದು ಪದರವೇ ಇಲ್ಲದಿರುವುದರಿಂದ ಗೀರು, ಬೂಷ್ಟುಗಳ ಹೊಡೆತ ವಿಸಿಡಿಯ ಚಿತ್ರಕ್ಕೆ ಬೇಗ ತಟ್ಟುತ್ತದೆ. ನಿಮ್ಮ ಸಂಗ್ರಹದಲ್ಲಿ ಅತ್ಯಂತ ಹಳೆಯವೂ ಅವೇ ಆದ್ದರಿಂದ ಕೆಲಸವನ್ನು ಅವುಗಳಿಂದಲೇ ಆರಂಭಿಸಿ. 352×288 ಬಿಂದುಗಳ ಚಿತ್ರ ಇಂದಿನ ದೊಡ್ಡ ಟಿವಿಯಲ್ಲಿ ಮಸುಕಾಗಿಯೇ ಕಾಣುತ್ತದೆ. ಕೃತಕ ಬುದ್ಧಿಮತ್ತೆಯಿಂದ ದೊಡ್ಡದು ಮಾಡಿಕೊಡುತ್ತೇವೆ ಎನ್ನುವವರು ಸಿಕ್ಕಾರು. ನೋಡುವ ಪ್ರತಿಗೆ ಅದನ್ನು ಪ್ರಯೋಗಿಸಲು ಅಡ್ಡಿಯಿಲ್ಲ, ಆದರೆ ಆ ತಂತ್ರ ಅಜ್ಜಿಯ ಮುಖದಲ್ಲಿ ಇಲ್ಲದ ವಿವರವನ್ನು ಊಹಿಸಿ ತುಂಬುತ್ತದೆ ಎಂಬುದು ನೆನಪಿರಲಿ.

ಕ್ಯಾಮ್‌ಕಾರ್ಡರ್‌ನ ಎಂಟು ಸೆಂಟಿಮೀಟರ್ ಡಿಸ್ಕ್‌ಗಳಲ್ಲಿ 1.4 ಜಿಬಿ ಹಿಡಿಸುತ್ತದೆ. ಅವುಗಳನ್ನು ಕಂಪ್ಯೂಟರಿಗೆ ಹಾಕಿದಾಗ ಖಾಲಿ ಎಂದು ತೋರಿಸಿದರೆ ಎಸೆಯಬೇಡಿ. ಚಿತ್ರೀಕರಣ ಮುಗಿಸಿದ ಮೇಲೆ ಕ್ಯಾಮೆರಾದಲ್ಲಿ ಫೈನಲೈಸ್ ಮಾಡದೆ (ಬೇರೆ ಯಂತ್ರಗಳೂ ಓದುವಂತೆ ಡಿಸ್ಕನ್ನು ಪೂರ್ಣಗೊಳಿಸದೆ) ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ತಮ್ಮನ ಕ್ಯಾಮೆರಾ ಇನ್ನೂ ನಡೆಯುತ್ತಿದ್ದರೆ ಅದರಲ್ಲೇ ಡಿಸ್ಕನ್ನು ಆಡಿಸಿ ನೋಡಿ, ಬ್ಯಾಟರಿಯನ್ನು ನಂಬದೆ ಅಡಾಪ್ಟರ್ ಚುಚ್ಚಿ, ಕರೆಂಟು ಸ್ಥಿರವಾಗಿರುವ ಹೊತ್ತಿನಲ್ಲಿ ಫೈನಲೈಸ್ ಮಾಡಿ. ಕ್ಯಾಮೆರಾ ಕೆಟ್ಟಿದ್ದರೆ ಐಸೊಬಸ್ಟರ್‌ನಂತಹ ತಂತ್ರಾಂಶ ಫೈನಲೈಸ್ ಆಗದ ಡಿಸ್ಕಿನಿಂದಲೂ ದೃಶ್ಯಗಳನ್ನು ಹೊರತೆಗೆಯಬಲ್ಲದು. ಈ ಸಣ್ಣ ಡಿಸ್ಕನ್ನು ಟ್ರೇ ಹೊರಗೆ ಬರುವ ಡ್ರೈವ್‌ನ ಒಳಗುಳಿಯಲ್ಲಿಟ್ಟೇ ಓದಿಸಬೇಕು; ಸೀಳಿನೊಳಗೆ ಎಳೆದುಕೊಳ್ಳುವ ಡ್ರೈವ್‌ಗೆ ತೂರಿಸಿದರೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ.

ಎವಿಸಿಎಚ್‌ಡಿ (ಎಚ್‌ಡಿ ಕ್ಯಾಮ್‌ಕಾರ್ಡರ್‌ಗಳು ಬಳಸುವ ರೂಪ) ಅಥವಾ ಬ್ಲೂ-ರೇ ಡಿಸ್ಕ್‌ಗಳಿದ್ದರೆ ಐಎಸ್‌ಒ ಮಾಡಿ, ಇಲ್ಲವೇ ಬಿಡಿಎಂವಿ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಫೋಟೊ, ಎವಿಐ, 3ಜಿಪಿ ಕಡತಗಳನ್ನು ತುಂಬಿದ ಸಿಡಿಗಳನ್ನು ಹಾಗೆಯೇ ಇಳಿಸಿಕೊಂಡರೆ ಸಾಕು.

ನೋಡುವ ಪ್ರತಿಯನ್ನು ಎಂಪಿ4 ಹೊದಿಕೆಯಲ್ಲಿ ಎಚ್.264 ಆಗಿಯೇ ಮಾಡಿ. 2003ರಲ್ಲಿ ಬಂದ ಈ ವಿಧಾನವನ್ನು ಆಡಿಸದ ಮೊಬೈಲ್ ಅಥವಾ ಟಿವಿ ಈಗ ಸಿಗುವುದು ಅಪರೂಪ, ಎಚ್.265 ಬಗ್ಗೆ ಹಳೆಯ ಟಿವಿಗಳಿಗೆ ಆ ಮಾತು ಹೇಳಲಾಗದು. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಗುಣಮಟ್ಟದ ಸೂಚ್ಯಂಕವನ್ನು 18ರಿಂದ 20ರ ನಡುವೆ ಇಟ್ಟರೆ ಸಾಕು. ಆದರೆ ಎರಡು ಸಂಗತಿಗಳನ್ನು ಕಣ್ಣಾರೆ ಪರೀಕ್ಷಿಸಬೇಕು. ಕ್ಯಾಮ್‌ಕಾರ್ಡರ್ ಚಿತ್ರ ಸಾಮಾನ್ಯವಾಗಿ ಇಂಟರ್‌ಲೇಸ್ ಆಗಿರುತ್ತದೆ: ಸೆಕೆಂಡಿಗೆ 25 ಇಡೀ ಚಿತ್ರಗಳ ಬದಲು, ಒಂದು ಬಿಟ್ಟು ಒಂದು ಗೆರೆಗಳ 50 ಅರ್ಧ ಚಿತ್ರಗಳಿರುತ್ತವೆ. ಹಾಗೆಯೇ ಕನ್ವರ್ಟ್ ಮಾಡಿದರೆ ಹಾಕಿ ಕೋಲು ಬೀಸಿದ ಕ್ಷಣದಲ್ಲಿ ಅದರ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. 25 ಚಿತ್ರಗಳಿಗೆ ಇಳಿಸಿ ಸರಿಪಡಿಸಿದರೆ ಹಲ್ಲುಗಳು ಹೋಗುತ್ತವೆ, ಜೊತೆಗೆ ಅರ್ಧದಷ್ಟು ಚಲನೆಯೂ ಹೋಗಿ ಚೆಂಡು ನೆಗೆದು ನೆಗೆದು ಓಡುತ್ತದೆ. ಡಿಇಂಟರ್‌ಲೇಸ್ ಆಯ್ಕೆಯಲ್ಲಿ ‘ಬಾಬ್’ ಎಂಬುದನ್ನು ಆರಿಸಿದರೆ 50 ಅರ್ಧ ಚಿತ್ರಗಳೂ 50 ಪೂರ್ಣ ಚಿತ್ರಗಳಾಗಿ, ಆಟ ಟಿವಿಯಲ್ಲಿ ಕಂಡಷ್ಟೇ ನಯವಾಗಿ ಕಾಣುತ್ತದೆ. ಎರಡನೆಯದು ಚಿತ್ರದ ಅಗಲ. ಡಿವಿಡಿಯ ಬಿಂದುಗಳು ಚೌಕವಲ್ಲ. ಅದೇ 720×576 ಚಿತ್ರ 4:3 ಆಗಿಯೂ 16:9 ಆಗಿಯೂ ಹಿಗ್ಗಬಹುದು. ಸೂಚನೆ ತಪ್ಪಿದರೆ ಮದುಮಗಳ ಮುಖ ಅಗಲವಾಗಿಯೋ ಉದ್ದವಾಗಿಯೋ ಎಳೆದಂತಾಗುತ್ತದೆ. ಹೊರದೇಶದ ನೆಂಟರು ತಂದ ಡಿಸ್ಕ್ ಎನ್‌ಟಿಎಸ್‌ಸಿ ಪದ್ಧತಿಯದಾಗಿ 720×480 ಅಳತೆಯಲ್ಲಿದ್ದರೆ ಅದನ್ನು ಪಾಲ್‌ಗೆ ಬದಲಿಸುವ ಗೋಜಿಗೆ ಹೋಗಬೇಡಿ.

ಕೆಲವರು ಎಫ್‌ಎಫ್‌ವಿ1 ಎಂಬ ನಷ್ಟವಿಲ್ಲದ ರೂಪವನ್ನು ಸೂಚಿಸಬಹುದು. ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡುವಾಗ ಅದು ಬಹಳ ಒಳ್ಳೆಯ ಆಯ್ಕೆ. ಡಿವಿಡಿಗೆ ಅದರಿಂದ ಲಾಭವಿಲ್ಲ, ಏಕೆಂದರೆ ಎಂಪೆಗ್-2ರಲ್ಲಿ ಆಗಲೇ ಕಳೆದುಹೋದದ್ದು ಮರಳಿ ಬಾರದೆ ಕಡತದ ಗಾತ್ರ ಮಾತ್ರ ಹಲವು ಪಟ್ಟು ಬೆಳೆಯುತ್ತದೆ.

ಬೂಷ್ಟು ಹಿಡಿದ ಡಿಸ್ಕ್‌ಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಮೆರಿಕದ ಮಾನಕಗಳ ಸಂಸ್ಥೆಯಾದ ಎನ್‌ಐಎಸ್‌ಟಿ 2003ರಲ್ಲಿ ಹೊರತಂದ ಕೈಪಿಡಿ, ಡಿಸ್ಕ್‌ಗಳನ್ನು 4ರಿಂದ 20 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ, ಶೇಕಡ 20ರಿಂದ 50ರ ಆರ್ದ್ರತೆಯಲ್ಲಿ ಇಡಬೇಕೆಂದು ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ನಮ್ಮಲ್ಲಿ ಆ ಒಣಹವೆ ಎಲ್ಲಿಂದ ಬರಬೇಕು? ರೈಟ್ ಮಾಡಿದ ಡಿಸ್ಕಿನಲ್ಲಿ ಮಾಹಿತಿ ಇರುವುದು ಸಾವಯವ ಬಣ್ಣದ ಪದರದಲ್ಲಿ. ಸಿಡಿಯಲ್ಲಿ ಅದರ ಮೇಲಿನ ಲೋಹದ ಪದರಕ್ಕೂ ಹೊರಗಿನ ಗಾಳಿಗೂ ನಡುವೆ ಇರುವುದು ತೆಳುವಾದ ಲ್ಯಾಕರ್ ಅಷ್ಟೇ. ಡಿವಿಡಿಯಲ್ಲಿ ಈ ಪದರಗಳು ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುತ್ತವೆ. ಆದ್ದರಿಂದ ವಧೂವರರ ಫೋಟೊ ಇರುವ ಕಾಗದದ ಸ್ಟಿಕ್ಕರನ್ನು ಸಿಡಿಯಿಂದ ಕೀಳಲು ಹೋಗಬೇಡಿ, ಅದರೊಂದಿಗೆ ಲೋಹದ ಪದರವೂ ಎದ್ದುಬಂದೀತು. ಸ್ಟಿಕ್ಕರಿನ ಫೋಟೊ ತೆಗೆದುಕೊಂಡು ಹಾಗೆಯೇ ಬಿಡಿ. ಹೊಳೆಯುವ ಬದಿಯ ಬೂಷ್ಟನ್ನು ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ, ಮೆತ್ತನೆಯ ಬಟ್ಟೆಯಿಂದ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರಸಿ ತೆಗೆಯಬೇಕು. ಸುತ್ತಲೂ ಒರಸಿದಾಗ ಬೀಳುವ ಗೀರು ಒಂದೇ ಹಾದಿಯ ಉದ್ದಕ್ಕೂ ಮಾಹಿತಿಯನ್ನು ಕೆಡಿಸುತ್ತದೆ. ಅಡ್ಡ ಗೀರನ್ನು ತಿದ್ದುವ ಸಂಕೇತಗಳು ಬಹುಮಟ್ಟಿಗೆ ನಿಭಾಯಿಸುತ್ತವೆ. ಟೂತ್‌ಪೇಸ್ಟ್ ಪ್ರಯೋಗ ಬೇಡ.

ತೊಳೆದರೂ ಓದದ ಡಿವಿಡಿಗೆ ಮೊದಲು ಬೇರೊಂದು ಡ್ರೈವ್ ಪ್ರಯತ್ನಿಸಿ; ಒಂದರಲ್ಲಿ ಓದದ ಡಿಸ್ಕ್ ಇನ್ನೊಂದರಲ್ಲಿ ಓದುವುದು ಈ ಕೆಲಸದಲ್ಲಿ ನಿತ್ಯದ ಅನುಭವ. ಅನಂತರ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು. ಅದು ಸಿಕ್ಕಿದ ಸೆಕ್ಟರುಗಳನ್ನು ಮೊದಲು ಎತ್ತಿಕೊಂಡು, ಸಿಗದವುಗಳ ಪಟ್ಟಿಯನ್ನು ಒಂದು ನಕ್ಷೆ ಕಡತದಲ್ಲಿ ಬರೆದಿಟ್ಟು, ಮತ್ತೆ ಓಡಿಸಿದಾಗ ಉಳಿದವುಗಳಿಗಷ್ಟೇ ಪ್ರಯತ್ನಿಸುತ್ತದೆ. ಈ ನಕ್ಷೆಯಿಂದ ಇನ್ನೊಂದು ದೊಡ್ಡ ಉಪಯೋಗವಿದೆ. ಮದುವೆಯ ಡಿವಿಡಿಯನ್ನು ಸ್ಟುಡಿಯೊದವರು ಹೆಣ್ಣಿನ ಮನೆಗೊಂದು, ಗಂಡಿನ ಮನೆಗೊಂದು ಎಂದು ಕೊಟ್ಟಿರುತ್ತಾರೆ. ಎರಡೂ ಒಂದೇ ಮಾಸ್ಟರ್‌ನಿಂದ ರೈಟ್ ಮಾಡಿದ ಪ್ರತಿಗಳಾಗಿದ್ದರೆ, ನಿಮ್ಮ ಡಿಸ್ಕಿನಿಂದ ಸಿಕ್ಕಷ್ಟನ್ನು ತೆಗೆದ ಬಳಿಕ, ಅದೇ ಐಎಸ್‌ಒ ಮತ್ತು ಅದೇ ನಕ್ಷೆ ಕಡತವನ್ನು ಕೊಟ್ಟು ಬೀಗರ ಮನೆಯ ಡಿಸ್ಕನ್ನು ಓದಿಸಿ. ಎರಡು ಡಿಸ್ಕ್‌ಗಳೂ ಒಂದೇ ಜಾಗದಲ್ಲಿ ಕೆಟ್ಟಿರುವುದು ಅಪರೂಪವಾದ್ದರಿಂದ, ಒಂದೊಂದೂ ಅರೆಬರೆಯಾಗಿದ್ದ ಎರಡು ಪ್ರತಿಗಳಿಂದ ಪೂರ್ಣವಾದ ಒಂದು ಪ್ರತಿ ಸಿಗುವ ಸಂಭವ ಚೆನ್ನಾಗಿದೆ. ಕಳೆದುಹೋಯಿತು ಎಂದು ಕೈಬಿಡುವ ಮುನ್ನ ನೆಂಟರಿಗೆ ಒಂದು ಫೋನು ಮಾಡಿ. ಈ ಕೆಲಸವನ್ನೆಲ್ಲ ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮುನ್ನ ಇಟ್ಟುಕೊಳ್ಳುವುದು ಒಳ್ಳೆಯದು. ಡಿಸೆಂಬರಿನ ಒಣಹವೆ ಇನ್ನೂ ಅನುಕೂಲವೇ, ಆದರೆ ಹಣ್ಣು ಕೊಯ್ಯುವ ದಿನಗಳಲ್ಲಿ ಡಿಸ್ಕ್ ಬದಲಿಸುತ್ತಾ ಕೂರಲು ನಿಮ್ಮಲ್ಲಿ ಯಾರಿಗೂ ಬಿಡುವಿರಲಾರದು.

ಪೆನ್‌ಡ್ರೈವ್ ಸಂಗ್ರಹಕ್ಕೆ ತಕ್ಕದ್ದಲ್ಲ. ಕರೆಂಟಿಲ್ಲದೆ ವರ್ಷಗಟ್ಟಲೆ ಇಟ್ಟರೆ ಅದರ ಚಿಪ್‌ನಲ್ಲಿನ ವಿದ್ಯುದಂಶ ಸೋರಿ ಮಾಹಿತಿ ಕೆಡಬಹುದು. ಮೇಲಾಗಿ ಅದು ಎಫ್‌ಎಟಿ32 ಎಂಬ ಕಡತ ವ್ಯವಸ್ಥೆಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಕಡತವನ್ನು ಸ್ವೀಕರಿಸುವುದೇ ಇಲ್ಲ, ತುಂಬಿದ ಡಿವಿಡಿಯ ಐಎಸ್‌ಒ ಅದಕ್ಕೆ ಹೋಗುವುದಿಲ್ಲ. ಬೇರೆ ಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಎನ್‌ಟಿಎಫ್‌ಎಸ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ. ಬರೆಯುವಾಗ ನಡುವೆ ಕರೆಂಟು ಹೋದರೆ ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ವ್ಯವಸ್ಥೆಗಿಂತ ಅದು ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದರೆ ಆ ಆತಂಕವೂ ಇಲ್ಲ. ಎರಡರಲ್ಲಿ ಒಂದು ಮಗನ ಬಳಿ ಬೆಂಗಳೂರಿನಲ್ಲಿರಲಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆಮಠ ಕಳೆದುಕೊಂಡವರನ್ನು ಕಂಡ ಜಿಲ್ಲೆಯಲ್ಲಿ, ಎರಡೂ ಪ್ರತಿಗಳನ್ನು ಒಂದೇ ಬೀರುವಿನಲ್ಲಿ ಇಡುವುದು ಸರಿಯೆಂದು ನನಗನ್ನಿಸುವುದಿಲ್ಲ. ಎಲ್ಲವನ್ನೂ ಕ್ಲೌಡ್‌ಗೆ ಏರಿಸುವುದಾದರೆ, ಸೆಕೆಂಡಿಗೆ 10 ಮೆಗಾಬಿಟ್ ವೇಗದಲ್ಲಿ 400 ಜಿಬಿಗೆ ಬಿಡುವಿಲ್ಲದೆ ಸುಮಾರು 90 ಗಂಟೆ ಬೇಕು. ಅಪರೂಪದ ಕೆಲವನ್ನಷ್ಟೇ ಆರಿಸಿಕೊಳ್ಳಿ. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಮೊತ್ತವನ್ನು ಲೆಕ್ಕ ಹಾಕಿಸಿ ಪಕ್ಕದಲ್ಲಿಡಿ. ಕಡತದ ಒಂದು ಬಿಟ್ ಬದಲಾದರೂ ಆ ಮೊತ್ತ ಬೇರೆಯಾಗುವುದರಿಂದ, ವರ್ಷಕ್ಕೊಮ್ಮೆ ಮಳೆಗಾಲ ಕಳೆದ ಮೇಲೆ ಹೋಲಿಸಿ ನೋಡಿದರೆ ಯಾವುದು ಕೆಟ್ಟಿದೆ, ಯಾವ ಪ್ರತಿಯಿಂದ ಸರಿಪಡಿಸಬೇಕು ಎಂಬುದು ತಿಳಿಯುತ್ತದೆ.

ಪ್ರತಿ ಡಿಸ್ಕಿಗೂ ಒಂದು ಫೋಲ್ಡರ್ ಮಾಡಿ, ಹೆಸರನ್ನು ವರ್ಷ, ತಿಂಗಳು, ದಿನಾಂಕದ ಅಂಕಿಗಳಿಂದ ಆರಂಭಿಸಿ, ಒಳಗೆ ಒಂದು ಸಾದಾ ಪಠ್ಯ ಕಡತವಿಡಿ: ಯಾರ ಮದುವೆ, ಯಾವ ಒಕ್ಕ (ಮನೆತನ), ಐನ್‌ಮನೆಯೋ (ಮನೆತನದ ಮೂಲಮನೆ) ಸಮಾಜದ ಕಟ್ಟಡವೋ, ಗಂಗಾಪೂಜೆಯಲ್ಲಿ ಪಕ್ಕದಲ್ಲಿರುವ ಹಿರಿಯರು ಯಾರು. ಇದನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ.

ಹಕ್ಕಿನ ವಿಚಾರ. ಹಣ ಕೊಟ್ಟು ಮಾಡಿಸಿಕೊಂಡ ಚಿತ್ರೀಕರಣಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ ಮಾಡಿಸಿಕೊಂಡವರೇ ಮೊದಲ ಹಕ್ಕುದಾರರು; ಹಾಗಾಗಿ ನಿಮ್ಮ ಮದುವೆಯ ಡಿಸ್ಕನ್ನು ಪ್ರತಿ ಮಾಡಿಕೊಳ್ಳಲು ಸಾಮಾನ್ಯವಾಗಿ ಸ್ಟುಡಿಯೊದ ಅಪ್ಪಣೆ ಬೇಕಾಗುವುದಿಲ್ಲ. ಅದರ ಹಿನ್ನೆಲೆಯಲ್ಲಿ ಸೇರಿಸಿದ ಸಿನಿಮಾ ಹಾಡಿನ ಹಕ್ಕು ಮಾತ್ರ ನಿಮ್ಮದಲ್ಲ. ಯೂಟ್ಯೂಬಿಗೆ ಹಾಕಿದರೆ ಧ್ವನಿಯೇ ಕಡಿತವಾದೀತು, ಆದ್ದರಿಂದ ಅದನ್ನು ಸಂಗ್ರಹದ ಜಾಗವೆಂದು ಎಣಿಸಬೇಡಿ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳದ್ದು ಬೇರೆಯೇ ಲೆಕ್ಕ. ಹಲವುಗಳಿಗೆ ಡಿಜಿಟಲ್ ಬೀಗವಿರುತ್ತದೆ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಅಂತಹ ಬೀಗ ಮುರಿಯುವುದನ್ನು 2012ರಲ್ಲಿ ಸೇರಿಸಿದ 65ಎ ಕಲಮು ಅಪರಾಧವೆಂದು ಹೇಳುತ್ತದೆ. ಅವುಗಳನ್ನು ಈ ಕೆಲಸದಿಂದ ಹೊರಗಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ, ನಿಲ್ಲಿಸಿದ ಸ್ಥಿತಿಯಲ್ಲಿ ಇಡಿ. ಪ್ರತಿ ತೆಗೆದಾದ ನಿಮ್ಮ ಸ್ವಂತ ಡಿಸ್ಕ್‌ಗಳನ್ನೂ ಎಸೆಯದೆ ಅದೇ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು.